ಹದಿನಾರು ಖಾಲಿ ಮನೆಗಳು

ಟೇವಿಯಾಳ ಸ್ವರದ ಹಾಳೆಯ ಮೇಲೆ ಇನ್ನೊಂದು ಹಾಳೆ ಅಂಟಿಸಿದ್ದರು. ಅದೂ ಅವಳು ಒಬ್ಬಳೇ ಎದ್ದು ನಿಂತು ನುಡಿಸಬೇಕಾದ ಜಾಗದಲ್ಲಿ. ಶನಿವಾರದ ತಾಲೀಮಿನಲ್ಲಿ ಅದನ್ನು ಕಂಡಾಗ ಕೈಯಲ್ಲಿದ್ದ ಉದ್ದನೆಯ ಹಿತ್ತಾಳೆ ವಾದ್ಯ, ನನ್ನ ಟ್ರಂಬೋನನ್ನು ಯಾರ ತಲೆಗಾದರೂ ಬೀಸಬೇಕು ಅನ್ನಿಸಿತು.

ನಮ್ಮ ಹಾಳೆಗಳಲ್ಲಿ ಉಳಿದದ್ದನ್ನೆಲ್ಲ ಬರೆದಿರುತ್ತಾರೆ. ಒಂಟಿಯಾಗಿ ನುಡಿಸುವ ಕಡೆ ಮಾತ್ರ, ತಾಳದ ನಾಲ್ಕು ಎಣಿಕೆಗೆ ಒಂದರಂತೆ, ಖಾಲಿ ಮನೆಗಳಿರುತ್ತವೆ. ಯಾವ ಸ್ವರಗಳ ಆಸರೆ ಎಂಬ ಗುರುತು ಮೇಲೆ, ಅಷ್ಟೇ. ಆ ಮನೆಗಳನ್ನು ನುಡಿಸುವವರೇ, ನಿಂತ ನಿಲುವಿನಲ್ಲೇ ತುಂಬಬೇಕು. ಜಾಝ್ ಅಂದರೆ ಅದೇ. ಅದಿಲ್ಲದಿದ್ದರೆ ಶಾಲೆಯ ಮಕ್ಕಳು ಮೆರವಣಿಗೆಯಲ್ಲಿ ಊದಿಕೊಂಡು ಹೋಗುವುದಕ್ಕೂ ನಮಗೂ ಏನು ವ್ಯತ್ಯಾಸ? ಟೇವಿಯಾಳಿಗೆ ಸಿಕ್ಕಿದ್ದು ಹದಿನಾರು ಮನೆ. ಹದಿನೈದು ವರ್ಷದ ಹುಡುಗಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಒಂದು ಶನಿವಾರವನ್ನೂ ತಪ್ಪಿಸದೆ, ಎರಡು ಬಸ್ಸು ಬದಲಿಸಿ, ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ನಮ್ಮ ಪಾಠಕ್ಕೆ ಬಂದಿದ್ದಳು. ವಸಂತದ ಸಂಗೀತ ಕಚೇರಿಯಲ್ಲಿ ದೊಡ್ಡವರ ಆರ್ಕೆಸ್ಟ್ರಾದ ನಡುವೆ ನನ್ನ ಪಕ್ಕದ ಕುರ್ಚಿ ಅವಳದು. ನನ್ನ ಶಿಷ್ಯರಲ್ಲಿ ಈ ವರ್ಷ ಅಲ್ಲಿಯವರೆಗೆ ಬಂದವಳು ಅವಳೊಬ್ಬಳೇ.

ಈಗ ಆ ಹದಿನಾರು ಮನೆಗಳಲ್ಲೂ ಕಪ್ಪು ಸ್ವರಗಳು ಇರುವೆಗಳಂತೆ ಮುತ್ತಿಕೊಂಡಿದ್ದವು.

"ಇದೇನ್ರೀ ಇದು?" ಅಂದೆ.

ನಿರ್ದೇಶಕ ಲಿಂಡ್‌ಕ್ವಿಸ್ಟ್ ಕನ್ನಡಕ ಒರೆಸುತ್ತಿದ್ದರು. ಬಂದು ಎರಡು ವರ್ಷವಾಗಿತ್ತಷ್ಟೇ. ಒಳ್ಳೆಯ ಬಟ್ಟೆ, ಒಳ್ಳೆಯ ನಗು.

"ಸಹಾಯ ಮಾಡಿದೀನಿ, ಅರ್ಲೀನ್. ರೇಡಿಯೋದವ್ರು ಧ್ವನಿಮುದ್ರಣ ಮಾಡ್ಕೊಳ್ತಾರೆ. ದಾನಿಗಳೆಲ್ಲ ಮುಂದಿನ ಸಾಲಲ್ಲೇ ಕೂತಿರ್ತಾರೆ. ಮಗು ಎಡವಬಾರದಲ್ವಾ?"

"ಎಡವ್ಲಿ! ಎಡವದೆ ಯಾರು ಕಲ್ತಿದಾರೆ? ನೀವು ಹುಟ್ತಾನೇ ಓಡ್ತಿದ್ರಾ?"

"ಹೋದ ವರ್ಷ ಆ ಹುಡುಗ ನಡುವೆ ದಾರಿ ತಪ್ಪಿ ನಿಂತ್‌ಬಿಟ್ಟ. ನೆನಪಿದೆಯಾ? ವೇದಿಕೆ ಮೇಲೇ ಅತ್ತ. ಆಮೇಲೆ ಪಾಠಕ್ಕೇ ಬರಲಿಲ್ಲ. ಅವನೂ ನಿಮ್ಮ ಶಿಷ್ಯನೇ."

ನೆನಪಿಲ್ಲದೆ ಏನು? ಅದನ್ನು ಅವರು ನನ್ನ ಮುಖಕ್ಕೆ ಹೊಡೆದಂತೆ ಹೇಳಿದ್ದು ಇನ್ನೂ ಉರಿಯುತ್ತದೆ. ನಾನು ಹತ್ತಿ ಹೊಲಗಳ ನಡುವಿನ ಶಾಲೆಯಲ್ಲಿ ಓದಿದವಳು. ಇಡೀ ಶಾಲೆಗೆ ಇದ್ದದ್ದು ಒಂದೇ ಟ್ರಂಬೋನ್, ಅದೂ ಸೊಟ್ಟಗಾಗಿತ್ತು. ಕಾನ್ಸಾಸ್ ಸಿಟಿಗೆ ಬಂದು ಹಗಲು ಬಸ್ಸು ಓಡಿಸಿ ಸಂಜೆ ಜಾಝ್ ನುಡಿಸುವ ಮುದುಕರ ಪಕ್ಕ ನಿಂತು ಕಲಿತೆ. ನನಗೆ ಯಾರೂ ಏನನ್ನೂ ಬರೆದುಕೊಡಲಿಲ್ಲ. ತಪ್ಪು ನುಡಿಸಿದರೆ ಡ್ರಮ್ಮಿನವನು ತಾಳದ ತಟ್ಟೆಯನ್ನು ಫಟ್ಟೆಂದು ಹೊಡೆದು ಮಾನ ಕಳೆಯುತ್ತಿದ್ದ. ಆ ಮಾನ ಹೋದದ್ದೇ ನನ್ನ ಪಾಠ.

ಟೇವಿಯಾಳ ಕಡೆ ನೋಡಿದೆ. ಅವಳು ಹಾಳೆಯನ್ನೇ ನೋಡುತ್ತಿದ್ದಳು. ಪಾಪ, ಮಗುವಿನ ಮನಸ್ಸು ಮುರಿಯಿತು ಅಂದುಕೊಂಡೆ.

ಮುಂದಿನ ಶನಿವಾರ ನನಗೆ ಬಸ್ಸಿನ ಪಾಳಿ ಬಿತ್ತು, ತಾಲೀಮಿಗೆ ಹೋಗಲಾಗಲಿಲ್ಲ. ಸಿಟ್ಟು ಮಾತ್ರ ವಾರವಿಡೀ ನನ್ನ ಜೊತೆ ಬಸ್ಸಿನ ಸ್ಟೇರಿಂಗ್ ಮುಂದೆಯೇ ಕೂತಿತ್ತು. ಹಾಗಾಗಿ ಭಾನುವಾರ, ಕಚೇರಿಗೆ ಎರಡು ಗಂಟೆ ಮುಂಚೆಯೇ ಹೋಗಿ, ಟೇವಿಯಾಳ ಕಡತ ತೆಗೆದು, ಬ್ಲೇಡಿನಿಂದ ಆ ಅಂಟಿಸಿದ ಹಾಳೆಯನ್ನು ನಿಧಾನಕ್ಕೆ ಎಬ್ಬಿಸಿದೆ. ಅದರ ಮೇಲೆ ಪೆನ್ಸಿಲ್ಲಿನ ಗೀಚುಗಳಿದ್ದವು. ಉಸಿರು ತೆಗೆದುಕೊಳ್ಳುವ ಗುರುತಿರಬೇಕು ಅಂದುಕೊಂಡೆ. ಹರಿದು ಚೂರು ಮಾಡಿದೆ. ಕೆಳಗೆ ಹದಿನಾರು ಖಾಲಿ ಮನೆಗಳು ಬೆಳ್ಳಗೆ ಕಂಡವು.

ಡ್ರಮ್ ಜೋಡಿಸುತ್ತಿದ್ದ ಕ್ಲಿಯೋಫಸ್ ಎಲ್ಲವನ್ನೂ ನೋಡುತ್ತಿದ್ದ. ಎಪ್ಪತ್ತು ದಾಟಿದವನು.

"ಏನವ್ವಾ, ಹಾಡಹಗಲೇ ಕಳ್ಳತನ?"

"ಕಳ್ಳತನ ಮಾಡಿದ್ದು ಅವ್ನು. ನಾನು ವಾಪಸ್ ಕೊಡ್ತಿದೀನಿ."

"ಹುಡುಗೀನ ಕೇಳಿದ್ಯಾ?"

"ಕೇಳೋದೇನಿದೆ? ಅವಳ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ನಿನ್ ಕೈಲಿ ಬ್ಲೇಡಿದೆ ತಾಯಿ, ನಾನ್ಯಾಕೆ ವಾದ ಮಾಡ್ಲಿ" ಅಂದು ಡ್ರಮ್ಮಿನ ತಿರುಪು ಬಿಗಿ ಮಾಡಿದ.

ಸಭಾಂಗಣ ತುಂಬಿತ್ತು. ಮೊದಲ ಎರಡು ಹಾಡು ಸಲೀಸಾಗಿ ಹೋದವು. ಮೂರನೆಯದು ಟೇವಿಯಾಳ ಹಾಡು. ಅವಳು ಹಾಳೆ ಮಗುಚಿದಳು. ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ, ಅವಳ ಮುಖ ಅರಳುತ್ತದೆ ಅಂತ. ಅರಳಲಿಲ್ಲ. ರಕ್ತವೇ ಇಲ್ಲದಂತಾಯಿತು. ನಮ್ಮ ಸಾಲಿಗೆ ಎಂಟು ಮನೆಗಳ ಬಿಡುವಿತ್ತು. ಅವಳು ನನ್ನ ಕಡೆ ವಾಲಿದಳು.

"ಮಿಸ್, ಇದು ನೀವಾ?"

"ನಾನೇ ಕಣೇ. ನುಡ್ಸು ಈಗ, ನಿಂದೇ ನುಡ್ಸು."

"ಆ ಹಾಳೆ ಮೇಲೆ ಪೆನ್ಸಿಲ್ಲಲ್ಲಿ ನಂದೇ ಇತ್ತು! ಅವ್ರದ್ದು ಎಲ್ಲಿ ಬಿಡ್ಬೇಕು, ನಂದು ಎಲ್ಲಿ ಹಾಕ್ಬೇಕು ಅಂತ ಒಂದು ವಾರ ಕೂತು ಬರ್ದಿದ್ದೆ. ನೋಡ್ಲಿಲ್ವಾ ನೀವು?"

ಅಷ್ಟರಲ್ಲಿ ಬಿಡುವು ಮುಗಿಯಿತು. ಲಿಂಡ್‌ಕ್ವಿಸ್ಟ್ ಅವಳ ಕಡೆ ಕೈ ಚಾಚಿದರು. ಅವಳು ಎದ್ದಳು. ಟ್ರಂಬೋನ್ ಎತ್ತಿದಳು. ಎತ್ತಿ, ಅದರ ಹಿಂದೆ ಮುಂದೆ ಜಾರುವ ಉದ್ದನೆಯ ಕೊಳವೆಯನ್ನು ನೇರ ನನ್ನ ಮೂಗಿನ ಮುಂದೆ ಹಿಡಿದಳು.

ಅದರ ಅರ್ಥ ನಮ್ಮವರಿಗೆಲ್ಲ ಗೊತ್ತು. ನನ್ನ ಸರದಿ ನಿನಗೆ ಕೊಟ್ಟೆ, ನುಡಿಸು ಅಂತ. ಹಾಗೆ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ತಾಳ ಯಾರಿಗೂ ಕಾಯುವುದಿಲ್ಲ.

ಎದ್ದೆ. ಏನು ನುಡಿಸಿದೆ ಅಂತ ಹೇಳಲಾರೆ. ಬೈಗುಳದಂತಿತ್ತು. ಲಿಂಡ್‌ಕ್ವಿಸ್ಟ್‌ಗೆ ಬೈದೆ, ನನಗೇ ಬೈದುಕೊಂಡೆ. ನಾಲ್ಕು ಮನೆ ಮುಗಿಯುತ್ತಲೇ ಬಾಯಿಂದ ಟ್ರಂಬೋನ್ ತೆಗೆದುಬಿಟ್ಟೆ. ಉಳಿದದ್ದು ನಿನ್ನದು, ಬೇಕಾದರೆ ತಗೋ ಅಂತ ಅವಳನ್ನೇ ನೋಡಿದೆ. ಅರ್ಧ ಕ್ಷಣ ಡ್ರಮ್ ಬಿಟ್ಟರೆ ಏನೂ ಇಲ್ಲ. ಹೋದ ವರ್ಷದ ಹುಡುಗ ನೆನಪಾದ.

ಆಮೇಲೆ ಅವಳು ಬಂದಳು. ಒಂದೇ ಸ್ವರ. ಅದನ್ನೇ ಮತ್ತೆ ಮತ್ತೆ, ಬಾಗಿಲು ಬಡಿದಂತೆ. ನಾಲ್ಕು ಮನೆ. ನಾನು ಸಮಾಧಾನ ಮಾಡುವಂತೆ ಏನೋ ಮೆಲ್ಲಗೆ ನುಡಿಸಿದೆ. ಅವಳಿಗೆ ಸಮಾಧಾನ ಬೇಕಿರಲಿಲ್ಲ. ನನ್ನ ಕೊನೆಯ ಸ್ವರ ಮುಗಿಯುವ ಮುನ್ನವೇ ಅದರ ಮೇಲೆ ಹತ್ತಿ ಬಂದಳು. ಹದಿನಾರು ಮನೆ ಮುಗಿಯಿತು, ಅವಳು ನಿಲ್ಲಲಿಲ್ಲ. ಲಿಂಡ್‌ಕ್ವಿಸ್ಟ್‌ರ ಕೈ ಗಾಳಿಯಲ್ಲೇ ನಿಂತಿತು. ಕ್ಲಿಯೋಫಸ್ ಅವರನ್ನು ನೋಡಲೇ ಇಲ್ಲ. "ಹೂಂ, ಹೇಳು ಮಗಳೇ!" ಅಂತ ಕೂಗಿ ತಾಳ ಹಾಕುತ್ತಲೇ ಹೋದ. ಇನ್ನೂ ಹದಿನಾರು ಮನೆ ಅವಳು ಒಬ್ಬಳೇ ನುಡಿಸಿದಳು. ಎರಡು ಕಡೆ ದಾರಿ ತಪ್ಪಿದಳು. ತಪ್ಪಿದ ಕಡೆಯಿಂದಲೇ ಎದ್ದು ಬಂದಳು. ಜನ ಕುರ್ಚಿ ಬಿಟ್ಟು ನಿಂತರು.

ಪರದೆಯ ಹಿಂದೆ ಲಿಂಡ್‌ಕ್ವಿಸ್ಟ್ ನಮ್ಮಿಬ್ಬರ ಹೆಗಲಿಗೂ ಕೈ ಹಾಕಿದರು.

"ಅದ್ಭುತ! ರೇಡಿಯೋದವ್ರ ಹತ್ರ ಧ್ವನಿಮುದ್ರಣ ತರಿಸ್ಕೊಂಡು, ಕೇಳಿ ಪೂರ್ತಿ ಬರೆಸಿಬಿಡ್ತೀನಿ. ಮುಂದಿನ ವರ್ಷವೂ ಇದನ್ನೇ ನುಡಿಸೋಣ, ಒಂದು ಸ್ವರಾನೂ ಬಿಡ್ದೆ."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಅದನ್ನು ಆಡುವ ಮುಂಚೆಯೇ ಟೇವಿಯಾ ಅವರ ಕೈಯನ್ನು ಹೆಗಲಿಂದ ಕೆಳಗಿಳಿಸಿದಳು.

"ನೀವು ಕೇಳ್ದೆ ಅಂಟಿಸಿದ್ರಿ ಸರ್." ನನ್ನ ಕಡೆ ತಿರುಗಿದಳು. "ನೀವು ಕೇಳ್ದೆ ಕಿತ್ತು ಹಾಕಿದ್ರಿ. ಅವ್ರ ಮೇಲಾದ್ರೆ ನಂಗೆ ಅಷ್ಟು ಸಿಟ್ಟಿಲ್ಲ. ಅವ್ರಿಗೆ ನಾನ್ಯಾರಂತ ಗೊತ್ತಿಲ್ಲ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. "ಜನ ಎದ್ದು ನಿಂತ್ರಲ್ಲೇ" ಅಂದೆ. ಅದಕ್ಕಿಂತ ದಡ್ಡ ಮಾತು ನಾನು ಆಡಿದ್ದಿಲ್ಲ. ಅವಳು ಟ್ರಂಬೋನನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟುಹೋದಳು.

ಮುಂದಿನ ಶನಿವಾರ ಬರುವುದಿಲ್ಲ ಅಂತಲೇ ನಂಬಿದ್ದೆ. ಬಂದಳು. ನನ್ನ ಪಕ್ಕ ಕೂರಲಿಲ್ಲ. ಸಾಲಿನ ಆ ತುದಿಯಲ್ಲಿ ಕೂತು, ಹೊಸ ಹಾಡಿನ ಖಾಲಿ ಮನೆಗಳ ಮೇಲೆ ಪೆನ್ಸಿಲ್ಲಿನಿಂದ ಏನೋ ಗೀಚುತ್ತಿದ್ದಳು. ಐದನೇ ಮನೆಯಲ್ಲಿ ತಪ್ಪಿತ್ತು, ಅವಳ ಹಿಂದೆ ಹಾದುಹೋಗುವಾಗ ಕಣ್ಣಿಗೆ ಬಿತ್ತು. ನನ್ನ ಕೈ ತಾನಾಗಿ ಪೆನ್ಸಿಲ್ ಹಿಡಿದಿತ್ತು. ಹಲ್ಲು ಕಚ್ಚಿಕೊಂಡು ಕೇಳಿದೆ.

"ತಿದ್ದಲಾ?"

ಅವಳು ತಲೆ ಎತ್ತಲಿಲ್ಲ.

"ಬೇಡ, ಮಿಸ್."

ತಪ್ಪು ಹಾಗೇ ಇತ್ತು. ನಾನು ಪೆನ್ಸಿಲ್ಲನ್ನು ಜೇಬಿಗೆ ತುರುಕಿ, ಪಕ್ಕದ ಹುಡುಗನಿಗೆ ಬೆನ್ನು ನೆಟ್ಟಗೆ ಮಾಡೋ ಅಂತ ಗದರಿದೆ.