ಮೇಷ್ಟ್ರ ಎಡಗಾಲು

ಮೇಷ್ಟ್ರ ಮನೆಗೆ ಕಾರ್ಡು ಬರೆಸಿಕೊಳ್ಳದೆ ಬಂದ ವಸ್ತು ಒಂದೂ ಇರಲಿಲ್ಲ. ಅವರ ಡ್ರೈವಿಂಗ್ ಸ್ಕೂಲಿನ ಕಾರ್ಡು ಅದು, ಅಂಗೈಯಗಲದ್ದು. ಮುಂಬದಿಯಲ್ಲಿ ‘ಬರುತ್ತದೆ’ ಎಂದೂ ಹಿಂಬದಿಯಲ್ಲಿ ‘ಬರುವುದಿಲ್ಲ’ ಎಂದೂ ಅಚ್ಚಾಗಿರುತ್ತಿತ್ತು. ಕಲಿಯಲು ಬಂದವರ ಗುಣದೋಷ ಬರೆಯಲೆಂದು ಮಾಡಿಸಿದ್ದು, ಬರಬರುತ್ತ ಮನೆಯೊಳಕ್ಕೂ ಕಾಲಿಟ್ಟಿತ್ತು. ಫ್ರಿಜ್ಜಿಗೊಂದು ಕಾರ್ಡು, ಬಟ್ಟೆ ಒಗೆಯುವ ಯಂತ್ರಕ್ಕೊಂದು ಕಾರ್ಡು. ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಒಂದು ಬರೆದಿದ್ದರು. ಮುಂಬದಿಯಲ್ಲಿ ‘ಮಾತು’ ಎಂದಿತ್ತು, ಹಿಂಬದಿಯಲ್ಲೂ ‘ಮಾತು’ ಎಂದೇ ಇತ್ತು. ಆಕೆ ಅದನ್ನು ಇಂದಿಗೂ ಬೀರುವಿನಲ್ಲಿ ಜೋಪಾನ ಮಾಡಿದ್ದಾಳೆ, ಪ್ರೀತಿಗಲ್ಲ, ಸಾಕ್ಷಿಗೆ.

ಮಗಳಿಗೂ ಕಾರ್ಡಿತ್ತು. ಡಿಗ್ರಿ ಮುಗಿಸಿದ್ದರೂ ಪಿಸುಮಾತಿಗಿಂತ ಮೇಲೆ ದನಿ ಏರಿಸದ ಅವಳನ್ನು ಮನೆಯಲ್ಲಿ ‘ಪಿಸು’ ಎಂದೇ ಕರೆಯುತ್ತಿದ್ದರು. ಅವಳ ಕಾರ್ಡಿನ ಮುಂಬದಿ ತುಂಬಿಹೋಗಿತ್ತು: ಕನ್ನಡಿ ನೋಡುವುದು, ತಾಳ್ಮೆ, ತಿರುವು, ಹಿಂದಕ್ಕೆ ತೆಗೆಯುವುದು. ಹಿಂಬದಿಯಲ್ಲಿ ಒಂದೇ ಒಂದು ಪದ: ಕ್ಲಚ್ಚು. ಅದರ ಕೆಳಗೆ ಮೂರು ಗೆರೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲಾದಾಗಲೆಲ್ಲ ಮೇಷ್ಟ್ರು ಒಂದೊಂದು ಗೆರೆ ಎಳೆದಿದ್ದರು.

ಈಗ ಪಿಸುವಿನ ಕುತ್ತಿಗೆಗೆ ಬಂದಿತ್ತು. ಶಾಲೆಯಿಂದ ಶಾಲೆಗೆ ಪುಸ್ತಕ ಒಯ್ಯುವ ಗ್ರಂಥಾಲಯದ ವ್ಯಾನಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರ ಪಾಲು. ವ್ಯಾನಿಗೆ ಕ್ಲಚ್ಚೂ ಇರಲಿಲ್ಲ, ಗೇರೂ ಇರಲಿಲ್ಲ. ಅಂಥ ಗಾಡಿಯ ಲೈಸೆನ್ಸೇ ಸಾಕು ಎಂದು ಪತ್ರದಲ್ಲೇ ಬರೆದಿತ್ತು. ಆದರೆ ಅಭ್ಯಾಸಕ್ಕೂ ಪರೀಕ್ಷೆಗೂ ಗೇರಿಲ್ಲದ ಕಾರು ಬೇಕಲ್ಲ? ಹಿಂದಿನ ಬೀದಿಯ ಡ್ರೈವಿಂಗ್ ಸ್ಕೂಲಿನಲ್ಲಿ ಅದಿತ್ತು. ಮೇಷ್ಟ್ರ ಮಗಳು ಅಲ್ಲಿಗೆ ಹೋಗಿ ಕಲಿಯುವುದೂ ಒಂದೇ, ಮೇಷ್ಟ್ರು ತಮ್ಮ ಬೋರ್ಡನ್ನು ತಾವೇ ಇಳಿಸುವುದೂ ಒಂದೇ.

“ಸ್ಕೂಲಿನ ಕಾರು ಮುದಿಯಾಯ್ತು. ಗೇರಿಲ್ಲದ್ದೇ ತಗೊಳ್ಳೋಣ,” ಎಂದು ಅಮ್ಮ ದಿನಾ ತಿದಿ ಒತ್ತುತ್ತಿದ್ದಳು. “ಎಲ್ರೂ ಎಲೆಕ್ಟ್ರಿಕ್ ಎಸ್‌ಯುವಿ ತಗೋತಿದಾರೆ.”

“ಕ್ಲಚ್ಚು ಬರದೋರು ಗಾಡಿ ಓಡಿಸಲ್ಲ, ಗಾಡಿ ಅವರನ್ನ ಓಡಿಸತ್ತೆ,” ಎನ್ನುತ್ತಿದ್ದರು ಮೇಷ್ಟ್ರು. ಮೂವತ್ತು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ಮೇಷ್ಟ್ರಿಗೆಂದೇ ಜೋಡಿಸಿದ ಎರಡನೆಯ ಕ್ಲಚ್ಚನ್ನು ಎಡಗಾಲಲ್ಲಿ ಒತ್ತಿ ಒತ್ತಿ ಊರಿಗೆ ಊರನ್ನೇ ಪಾಸು ಮಾಡಿಸಿದವರು. ಆ ಎಡಗಾಲಿನ ಮೇಲೆ ಅವರಿಗೆ ತಮ್ಮ ತಲೆಗಿಂತ ಹೆಚ್ಚು ನಂಬಿಕೆ.

ಕೊನೆಗೆ ಅಮ್ಮನ ಕಾಟ ತಡೆಯಲಾರದೆ, “ಆಯ್ತು, ಕಾರ್ಡು ಬರೆದು ನೋಡೋಣ. ಹಿಂಬದಿ ತುಂಬಿದ್ರೆ ಮತ್ತೆ ಯಾರೂ ತುಟಿ ಬಿಚ್ಚಬಾರದು,” ಎಂದರು.

ಭಾನುವಾರ ಬೆಳಿಗ್ಗೆ ಶೋರೂಮಿಗೆ ಹೊರಟರು. ಅಮ್ಮನಿಗೆ ಕಾರಿನಲ್ಲಿ ಹೊಟ್ಟೆ ತೊಳಸುವುದರಿಂದ ಮನೆಯಲ್ಲೇ ಉಳಿದಳು. ಮೇಷ್ಟ್ರ ತಾಯಿ, ಪಿಸುವಿನ ಅಜ್ಜಿ, ಮಾತ್ರ ಕರೆಯದಿದ್ದರೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಮೊಮ್ಮಗಳ ಕೆಲಸದ ಪತ್ರವನ್ನು ಎಲ್ಲರಿಗಿಂತ ಮೊದಲು ಓದಿಸಿಕೊಂಡವಳು ಅವಳೇ.

ಶೋರೂಮಿನ ಸೇಲ್ಸ್‌ಮನ್ ಮೇಷ್ಟ್ರನ್ನು ಕಂಡವನೇ ತಾನಾಗಿ ಬೆನ್ನು ನೆಟ್ಟಗೆ ಮಾಡಿದ. ನೆತ್ತಿಯ ಕೂದಲು ಉದುರಿ, ಎರಡು ಮಕ್ಕಳ ತಂದೆಯಾದವನು. ಆದರೂ ಇಪ್ಪತ್ತು ವರ್ಷದ ಹಿಂದೆ ಮೇಷ್ಟ್ರ ಕಾರಿನಲ್ಲಿ ಬೆವತಿದ್ದನ್ನು ಅವನ ಬೆನ್ನು ಮರೆತಿರಲಿಲ್ಲ.

“ಒಂದು ಸಲ ಚಾರ್ಜ್ ಮಾಡಿದ್ರೆ ಐನೂರು ಕಿಲೋಮೀಟರ್ ಅಂತ ಪುಸ್ತಕದಲ್ಲಿದೆ, ಮೇಷ್ಟ್ರೇ.”

“ರಸ್ತೇಲಿ?”

“ಎಸಿ ಹಾಕ್ಕೊಂಡು, ಸ್ವಲ್ಪ ಜೋರಾಗಿ ಹೋದ್ರೆ... ಮುನ್ನೂರೈವತ್ತು ಅಂತಿಟ್ಕೊಳ್ಳಿ.”

“ಹಾಗಾದ್ರೆ ಪುಸ್ತಕ ಬರೆದವನು ಇಳಿಜಾರಲ್ಲಿ ಹೋಗಿದ್ದ. ಪಿಸು, ಹಿಂದೆ ಬರ್ಕೋ.”

ಪಿಸು ಬರೆದುಕೊಂಡಳು. ಅಕ್ಷರ ಮುತ್ತಿನಂತಿದ್ದುದರಿಂದ ಕಾರ್ಡು ತುಂಬುವುದು ಅವಳ ಪಾಲಿನ ಕೆಲಸ.

“ನಿನ್ನ ಕಾರು ದಿನಾ ಅದೇ ಮೈದಾನ, ಅದೇ ನಾಲ್ಕು ಬೀದಿ ಸುತ್ತತ್ತೆ,” ಎಂದಳು ಅಜ್ಜಿ. “ಐನೂರು ಕಿಲೋಮೀಟರ್ ಹೋಗಿ ಯಾರ ಮನೇಲಿ ಇಳೀತೀಯೋ?”

ಮೇಷ್ಟ್ರು ಕೇಳಿಸದವರಂತೆ ಕಾರಿನ ಸುತ್ತ ಒಂದು ಸುತ್ತು ಬಂದರು. ಸ್ಟೆಪ್ನಿ ಚಕ್ರ ಇರಲಿಲ್ಲ. ಅದರ ಜಾಗದಲ್ಲಿ ಗಾಳಿ ತುಂಬುವ ಪುಟ್ಟ ಡಬ್ಬಿಯಿತ್ತು. ಹಿಂದೆ ಬರ್ಕೋ. ಎಸಿ ಕಡಿಮೆ ಮಾಡಬೇಕೆಂದರೂ ಗಾಜಿನ ಪರದೆಯನ್ನು ಮೂರು ಸಲ ತಟ್ಟಬೇಕಿತ್ತು. “ರಸ್ತೆ ನೋಡೋದೋ, ಟಿವಿ ನೋಡೋದೋ?” ಅದೂ ಹಿಂದೆ. ಪಿಸುವಿನ ಪೆನ್ನು ಹಿಂಬದಿಯಲ್ಲೇ ಬಿಡಾರ ಹೂಡಿತ್ತು. ಮುಂಬದಿಯಲ್ಲಿ ಇದ್ದದ್ದು ಒಂದೇ ಸಾಲು, ಅಜ್ಜಿ ಬರೆಸಿದ್ದು: ಹತ್ತುವಾಗ ಬಗ್ಗಬೇಕಿಲ್ಲ, ಇಳಿಯುವಾಗ ಹಾರಬೇಕಿಲ್ಲ. ತಾನು ಹತ್ತುವ ವ್ಯಾನು ಇಂಚಿಂಚೇ ದೂರ ಸರಿಯುತ್ತಿರುವುದು ಪಿಸುವಿಗೆ ಕಾಣುತ್ತಿತ್ತು.

ಕಾರು ಹೊರಟಿತು. ಮೇಷ್ಟ್ರ ಕೈಯಲ್ಲಿ ಸ್ಟೀರಿಂಗ್, ಪಕ್ಕದಲ್ಲಿ ಸೇಲ್ಸ್‌ಮನ್, ಹಿಂದೆ ಅಜ್ಜಿ ಮತ್ತು ಮೊಮ್ಮಗಳು.

“ಸದ್ದೇ ಇಲ್ಲ ನೋಡಿ, ಮೇಷ್ಟ್ರೇ.”

“ಅದು ಗುಣ ಅಲ್ಲಪ್ಪ. ಬೀದೀಲಿ ಹೋಗೋರಿಗೆ ಗಾಡಿ ಬಂದದ್ದು ಹೇಗೆ ಗೊತ್ತಾಗಬೇಕು? ಹಿಂದೆ ಬರ್ಕೋ.”

“ನಮ್ಮ ಪಿಸುಗೂ ಸದ್ದಿಲ್ಲ,” ಎಂದಳು ಅಜ್ಜಿ. “ಅವಳನ್ನೂ ಹಿಂದೆ ಬರೀತೀಯಾ?”

ಮೇಷ್ಟ್ರು ವೇಗದ ಪೆಡಲ್ಲಿನಿಂದ ಕಾಲು ಸಡಿಲಿಸಿದರೆ ಸಾಕು, ಹೇಳಿದ ಮಾತು ಕೇಳುವ ಮಗುವಿನಂತೆ ಕಾರು ತಾನೇ ನಿಧಾನವಾಗುತ್ತಿತ್ತು. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಅರಳಿದ್ದನ್ನು ಪಿಸು ಕನ್ನಡಿಯಲ್ಲಿ ಕಂಡಳು. ಅಷ್ಟರಲ್ಲಿ ಮುಂದಿನ ಸಿಗ್ನಲ್ಲು ಕೆಂಪಾಯಿತು.

ಮೇಷ್ಟ್ರ ಎಡಗಾಲು ಮೂವತ್ತು ವರ್ಷದ ಅಭ್ಯಾಸದಂತೆ ಎದ್ದು ಕ್ಲಚ್ಚನ್ನು ಹುಡುಕಿಕೊಂಡು ಹೋಯಿತು. ಕ್ಲಚ್ಚು ಇರಲಿಲ್ಲ. ಅಲ್ಲಿಗೆ ಚಾಚಿಕೊಂಡಿದ್ದ ಅಗಲವಾದ ಬ್ರೇಕಿತ್ತು. ಎಡಗಾಲು ಅದನ್ನೇ ಪೂರ್ತಿ ಒತ್ತಿಬಿಟ್ಟಿತು.

ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ಅಜ್ಜಿಯ ಕನ್ನಡಕದ ಡಬ್ಬಿ ಹಾರಿ ಸೇಲ್ಸ್‌ಮನ್ನನ ಮಡಿಲು ಸೇರಿತು. ಪಿಸುವಿನ ಪೆನ್ನು ಕಾರ್ಡಿನ ಉದ್ದಕ್ಕೂ ಒಂದು ಗೆರೆ ಎಳೆಯಿತು. ಹಿಂದಿನ ಲಾರಿಯವನು ಹಾರ್ನಿನಲ್ಲೇ ಬೈದ.

“ಬ್ರೇಕು ಸ್ವಲ್ಪ ಚುರುಕು,” ಎಂದರು ಮೇಷ್ಟ್ರು. “ಹಿಂದೆ ಬರ್ಕೋ.”

ಪಿಸು ಬರೆಯಲಿಲ್ಲ. ಎರಡನೆಯ ಸಿಗ್ನಲ್ಲಿನಲ್ಲೂ ಹಾಗೇ ಆಯಿತು. ಸೇಲ್ಸ್‌ಮನ್ ಈ ಸಲ ಮೊದಲೇ ಡ್ಯಾಶ್‌ಬೋರ್ಡು ಹಿಡಿದುಕೊಂಡಿದ್ದ. ಮೈದಾನದ ಗೇಟಿನ ಮುಂದೆ ಒಂದು ನಾಯಿ ಅಡ್ಡ ಬಂತು. ಮೂರನೆಯ ಸಲವೂ ಆಯಿತು. ನಾಯಿ ತನ್ನಷ್ಟಕ್ಕೆ ದಾಟಿ, ತಿರುಗಿ ನಿಂತು ಮೇಷ್ಟ್ರನ್ನೇ ದಿಟ್ಟಿಸಿತು.

ಮೇಷ್ಟ್ರ ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ನಿಯಮ ಈ ಕಾರಿನಲ್ಲಿದ್ದವರಿಗೆಲ್ಲ ಬಾಯಿಪಾಠ: ಒಂದೇ ತಪ್ಪನ್ನು ಮೂರು ಸಲ ಮಾಡಿದವರು ಹಿಂದಿನ ಸೀಟಿಗೆ; ಸರದಿಯಲ್ಲಿ ಮುಂದಿನವರಿಗೆ ಸ್ಟೀರಿಂಗ್. ಸೇಲ್ಸ್‌ಮನ್ನೂ ಒಂದು ಕಾಲದಲ್ಲಿ ಹಿಂದಿನ ಸೀಟು ಬಿಸಿ ಮಾಡಿದವನೇ. ಅವನು ಕಿಟಕಿಯಾಚೆಗಿನ ಮರವನ್ನು ಎಂದೂ ಮರ ಕಾಣದವನಂತೆ ನೋಡತೊಡಗಿದ.

“ಅಪ್ಪಾ,” ಎಂದಳು ಪಿಸು. ದನಿ ಎಂದಿನಷ್ಟೇ ಇತ್ತು. ಆದರೆ ಸದ್ದಿಲ್ಲದ ಆ ಕಾರಿನಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು. “ಮೂರಾಯ್ತು.”

ಮೇಷ್ಟ್ರು ಕನ್ನಡಿಯಲ್ಲಿ ಮಗಳನ್ನು ನೋಡಿದರು. ಆಮೇಲೆ ಬೆಲ್ಟು ಬಿಚ್ಚಿ ಕೆಳಗಿಳಿದರು.

ಪಿಸು ಸ್ಟೀರಿಂಗ್ ಮುಂದೆ ಕೂತಳು. ಅವಳ ಎಡಗಾಲಿಗೆ ಯಾವ ಅಭ್ಯಾಸವೂ ಇರಲಿಲ್ಲ, ಇದ್ದದ್ದು ಹೆದರಿಕೆಯೊಂದೇ. ಅದು ಸೀಟಿನಡಿಗೆ ಮುದುಡಿಕೊಂಡು ಅಲ್ಲೇ ಉಳಿಯಿತು. ಉಳಿದ ಕೆಲಸ ಬಲಗಾಲಿನದು. ಮೈದಾನದ ಸುತ್ತ ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಎರಡು ಕಂಬಗಳ ನಡುವೆ ಹಿಂದಕ್ಕೆ ತೆಗೆದು ನಿಲ್ಲಿಸಿದಳು. ಕನ್ನಡಿ, ತಿರುವು, ತಾಳ್ಮೆ: ಕಾರ್ಡಿನ ಮುಂಬದಿಯಲ್ಲಿದ್ದದ್ದೆಲ್ಲ ಒಂದೊಂದಾಗಿ ಹೊರಗೆ ಬಂತು, ಇಷ್ಟು ದಿನ ಕ್ಲಚ್ಚು ಅಡ್ಡ ಕೂತಿತ್ತು ಎಂಬಂತೆ.

ಹಿಂದಿನ ಸೀಟಿನಲ್ಲಿ ಮೇಷ್ಟ್ರ ಮಂಡಿ ಎದೆಗೆ ಬಂದಿತ್ತು. ಬ್ಯಾಟರಿ ಕೆಳಗಿದ್ದುದರಿಂದ ನೆಲ ಎತ್ತರವಾಗಿತ್ತು.

“ಇದನ್ನಾದ್ರೂ ಹಿಂದೆ ಬರ್ಕೋ,” ಎಂದು ಗೊಣಗಿದರು.

“ಅವಳು ಓಡಿಸ್ತಿದಾಳೆ. ನೀನೇ ಬರ್ಕೋ,” ಎಂದು ಅಜ್ಜಿ ಕಾರ್ಡು ಕೊಟ್ಟಳು. “ಅದಿರ್ಲಿ, ನಿನ್ನ ಕಾಲು ಎಲ್ಲಿಗೆ ಹೊರಟಿದೆ?”

ಮೇಷ್ಟ್ರು ಕೆಳಗೆ ನೋಡಿದರು. ಮಗಳು ಕಾರು ನಿಲ್ಲಿಸಿದಾಗಲೆಲ್ಲ ಅವರ ಎಡಗಾಲು ಕಾರ್ಪೆಟ್ಟನ್ನು ಒತ್ತುತ್ತಿತ್ತು.

ಮನೆಗೆ ಬಂದ ಮೇಲೆ ಅಮ್ಮ, “ಏನಾಯ್ತು?” ಎಂದಳು. “ಬ್ರೇಕು ಚೆನ್ನಾಗಿದೆ,” ಎಂದಳು ಅಜ್ಜಿ. ಮೇಷ್ಟ್ರು ಇಡೀ ಸಂಜೆ ಕಾರ್ಡನ್ನು ತಿರುವಿ ಹಾಕುತ್ತ ಕೂತರು. ಹಿಂಬದಿ ತುಂಬಿತ್ತು, ಒಂದಕ್ಷರವೂ ಸುಳ್ಳಾಗಿರಲಿಲ್ಲ. ಪಂದ್ಯದ ಪ್ರಕಾರ ಗೆದ್ದದ್ದು ಅವರೇ.

ಮರುದಿನ ಬೆಳಿಗ್ಗೆ ಪಿಸುವಿನ ಡೈರಿಯ ಮೇಲೆ ಆ ಕಾರ್ಡಿತ್ತು. ಮುಂಬದಿಯಲ್ಲಿ ಅಜ್ಜಿಯ ಸಾಲಿನ ಕೆಳಗೆ ಅಪ್ಪನ ಕಾಗೆಕಾಲಿನ ಅಕ್ಷರ: ‘ಪಿಸು ಓಡಿಸುತ್ತಾಳೆ.’ ಅದರಡಿಯಲ್ಲಿ ಒಂದು ಹೊಸ ಕಾರ್ಡು, ಎರಡೂ ಬದಿ ಖಾಲಿ. ಹೆಸರಿನ ಜಾಗದಲ್ಲಿ ‘ಮೇಷ್ಟ್ರು’ ಎಂದಿತ್ತು.

“ಹೊಸ ಗಾಡಿ ಹನ್ನೊಂದನೇ ತಾರೀಕು ಬರತ್ತೆ, ನಿನ್ನ ಪರೀಕ್ಷೆ ಹದಿನೆಂಟಕ್ಕೆ,” ಎಂದರು ಅವರು ಪೇಪರಿನ ಹಿಂದಿನಿಂದ. “ಕಲಿಯೋರು ಬರೋಕೆ ಮುಂಚೆ ನಂಗೂ ನಾಲ್ಕು ಪಾಠ ಹೇಳ್ಕೊಡು. ಹಿಂದಿನ ಬೀದಿಯೋರಿಗೆ ಗೊತ್ತಾಗೋದು ಬೇಡ.”

ಹದಿನೆಂಟರಂದು ಪಿಸು ಪಾಸಾದಳು. ಸಂಜೆ ಮೇಷ್ಟ್ರು ಅವಳ ಹಳೆಯ ಕಾರ್ಡು ತೆಗೆದು ‘ಕ್ಲಚ್ಚು’ ಪದವನ್ನೇ ನೋಡಿದರು.

“ಇದು ಹಾಗೇ ಇರ್ಲಿ. ಬರಲ್ಲ ಅಂದ್ರೆ ಬರಲ್ಲ. ಸುಳ್ಳು ಬರೆಯೋ ಸ್ಕೂಲಲ್ಲ ಇದು.”

ಪಿಸು ಡೈರಿಯೊಳಗಿಂದ ಅಪ್ಪನ ಕಾರ್ಡು ತೆಗೆದು ಮುಂದಿಟ್ಟಳು. ಹಿಂಬದಿಯಲ್ಲಿ ಒಂದೇ ಪದವಿತ್ತು: ಎಡಗಾಲು.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಕೆಳಗಿನ ಗೆರೆ ಎಣಿಸಿದರು. “ಮೂರು ಸರಿ. ನಾಲ್ಕನೇದು ಯಾವತ್ತಿಂದು?”

“ಇವತ್ತು ಬೆಳಿಗ್ಗೆ, ಗೇಟಿನ ಹತ್ರ,” ಎಂದಳು ಪಿಸು, ಅಡುಗೆಮನೆಯಲ್ಲಿದ್ದ ಅಜ್ಜಿಗೂ ಕೇಳಿಸುವಷ್ಟು ದನಿಯಲ್ಲಿ.