ಯಥಾಸ್ಥಿತಿ

"ನಿಲ್ಸು ಮಾವ."

ಶಶಿ ಗುದ್ದಲಿಯ ಕಾವನ್ನೇ ಹಿಡಿದುಕೊಂಡಳು. ಗುಣಿ ಆಗಲೇ ಮೊಣಕಾಲುದ್ದ ಇಳಿದಿತ್ತು. ಬೋರಯ್ಯ ಬೆವರು ಒರೆಸಿಕೊಂಡು, ತಂಗಿಯ ಮಗಳಿಗೆ ದುಃಖದಲ್ಲಿ ಬುದ್ಧಿ ಕೆಟ್ಟಿತೇನೋ ಎಂಬಂತೆ ನೋಡಿದ. ಪಕ್ಕದಲ್ಲೇ ಶಶಿಯ ಅಪ್ಪನನ್ನು ಹೂಳಿದ ಗುಡ್ಡೆ. ತೋಟದ ಮಗ್ಗುಲಿನ ಮನೆಯಂಗಳದಲ್ಲಿ, ನೆನ್ನೆ ಸಂಜೆ ಹಸುವಿಗೆ ಹುಲ್ಲು ಹಾಕುತ್ತ ಕುಸಿದ ಅವ್ವ, ಕೆಂಪಲಕ್ಷ್ಮಮ್ಮ, ಚಟ್ಟದ ಮೇಲೆ ಮಲಗಿದ್ದಳು. ಗಂಡನ ಪಕ್ಕದಲ್ಲೇ ಮಣ್ಣು ಮಾಡಿ ಎಂದು ಅವಳು ಊರಿಗೆಲ್ಲ ಹೇಳಿಟ್ಟಿದ್ದಳು.

ಅದನ್ನು ಬೆಳಿಗ್ಗೆ ಎಲ್ಲರಿಗೂ ನೆನಪಿಸಿದವನು ದೊಡ್ಡಪ್ಪನ ಮಗ ತಿಮ್ಮೇಶ. ಈ ತೋಟ ತನ್ನದೆಂದು ಅರಸೀಕೆರೆ ಕೋರ್ಟಿನಲ್ಲಿ ನಿಂತವನೂ ಅವನೇ. ಚಿಕ್ಕವ್ವನ ಕಾಲು ಹಿಡಿದು ಎಲ್ಲರಿಗಿಂತ ಜೋರಾಗಿ ಅತ್ತು, ಕೇಸು ಗೀಸು ಆಮೇಲೆ, ಮೊದಲು ಅವಳ ಆಸೆ ನಡೆಯಲಿ ಎಂದಿದ್ದ. ನೆಂಟರೆಲ್ಲ ಅವನ ಮನಸ್ಸು ದೊಡ್ಡದೆಂದು ಕೊಂಡಾಡಿದ್ದರು.

ಆದರೆ ಗುದ್ದಲಿ ಬಿದ್ದಾಗಿನಿಂದ ಅವನು ತಂತಿ ಬೇಲಿ ದಾಟಿ ಒಳಗೆ ಬಂದಿರಲಿಲ್ಲ. ಹಳೇಬೀಡಿನ ರಸ್ತೆಯಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತು ಫೋನು ಎತ್ತಿ ಹಿಡಿದಿದ್ದ. ಫೋನಿನ ಕಣ್ಣು ಅಂಗಳದ ಹೆಣದ ಮೇಲಿರಲಿಲ್ಲ. ಗುಣಿಯ ಮೇಲಿತ್ತು.

*

ಅಪ್ಪ ಸತ್ತ ವರ್ಷವೇ ತಿಮ್ಮೇಶ, ಅಪ್ಪನೇ ಒತ್ತಿದ್ದೆಂಬ ಹೆಬ್ಬೆಟ್ಟಿನ ಕಾಗದವೊಂದನ್ನು ಹಿಡಿದು ಬೇಲಿ ಕೀಳಲು ಬಂದಿದ್ದ. ಅವ್ವ ಓಲೆ ಮಾರಿ ವಕೀಲರನ್ನು ಹಿಡಿದಳು. ಅವರು ಫೀಸಿನ ದಿನ ತಪ್ಪದೆ ಸಿಕ್ಕರು, ವಾಯಿದೆಯ ದಿನ ಸಿಗಲಿಲ್ಲ. ಕೇಸು ವಜಾ ಆಯಿತು. ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುತ್ತಾರೆ. ತೆರೆದೇ ಇತ್ತು, ಅವ್ವ ಹೊರಗೆ ಬೀಳುವುದಕ್ಕೆ.

ಆಮೇಲೆ ಯಾರೋ ಹೇಳಿದರೆಂದು, ಅರಸೀಕೆರೆ ಸ್ಟೇಷನ್ನಿನ ಹತ್ತಿರ ಸೈಕಲ್ ಅಂಗಡಿಯ ಮೇಲಿದ್ದ ಟ್ರಸ್ಟಿನ ಮೆಟ್ಟಿಲು ಹತ್ತಿದರು. ಅಲ್ಲಿ ಬಡವರ ಕೇಸು ಬಿಟ್ಟಿ ನಡೆಸುತ್ತಿದ್ದರು. ವಕೀಲೆ ಸುಷ್ಮಿತಾ ಕಾಗದಗಳನ್ನೆಲ್ಲ ಓದಿ, ಕೇಸಿಗೆ ಮತ್ತೆ ಜೀವ ಬರಿಸುತ್ತೇನೆಂದಳು.

"ನಿಮ್ಗೆ ಫೀಸು ಯಾರು ಕೊಡ್ತಾರೆ ತಾಯಿ?" ಎಂದಳು ಅವ್ವ.

"ದಾನಿಗಳು ಕೊಡ್ತಾರಮ್ಮ. ನಿಮ್ಮಂಥವರ ಕೇಸು ನಿಲ್ಲಬಾರದು ಅಂತ."

"ಪಾಪ, ಅವ್ರ ತೋಟಾನೂ ಯಾರಾದ್ರೂ ಕಿತ್ಕಂಡಿದ್ರಾ?"

ಸುಷ್ಮಿತಾ ನಕ್ಕುಬಿಟ್ಟಳು. ಮೆಟ್ಟಿಲಿಳಿಯುವಾಗ ಅವ್ವ ಮಾತ್ರ ನಗುತ್ತಿರಲಿಲ್ಲ. "ಹೊಟ್ಟೆಗಿಲ್ಲ ಅಂತ ಬೇಡಿದ್ರೆ ಇಷ್ಟು ನಾಚ್ಕೆ ಆಗ್ತಿರ್ಲಿಲ್ಲ ಕಣೇ. ನಂದನ್ನ ನಂದು ಅನ್ನಕ್ಕೂ ಧರ್ಮ ಬೇಡ್ಬೇಕಾ?"

ಕೇಸು ಮತ್ತೆ ಎದ್ದಿತು. ಯಥಾಸ್ಥಿತಿ ಕಾಯಬೇಕೆಂದು ಕೋರ್ಟು ಆದೇಶ ಕೊಟ್ಟಿತು. ಸುಷ್ಮಿತಾ ಬಿಡಿಸಿ ಹೇಳಿದಳು: ತೀರ್ಪು ಬರುವವರೆಗೆ ತೋಟ ಹೇಗಿದೆಯೋ ಹಾಗೇ ಇರಬೇಕು. ತಿಮ್ಮೇಶ ಬೇಲಿ ಮುಟ್ಟುವಂತಿಲ್ಲ, ನೀವೂ ಸಸಿ ನೆಡುವಂತಿಲ್ಲ, ಗುಣಿ ತೆಗೆಯುವಂತಿಲ್ಲ. ನೀವೇ ಮುರಿದರೆ ಈ ಆದೇಶ ಕೈತಪ್ಪುತ್ತದೆ. ಅವ್ವ ತಂದಿದ್ದ ತೆಂಗಿನ ಸಸಿಗಳು ಗೋಡೆಗೊರಗಿಯೇ ಒಣಗಿದವು. ಗೋರಿಯೂ ಒಂದು ಗುಣಿಯೇ ಎಂದು ಅವ್ವನಿಗಾಗಲಿ ಮಗಳಿಗಾಗಲಿ ಹೊಳೆದಿರಲಿಲ್ಲ.

*

ಶಶಿ ಗುಣಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ಫೋನು ಮಾಡಿದಳು. ಸುಷ್ಮಿತಾಳ ದನಿ ಅತ್ತಂತಿತ್ತು. "ಕೋರ್ಟನ್ನ ಕೇಳದೆ ಹೂಳಿದ್ರೆ ಎದುರಿನವರು ಅದನ್ನೇ ಹಿಡ್ಕೋತಾರೆ ಶಶಿ. ಕೇಳೋಣ ಅಂದ್ರೆ ಇವತ್ತು ಭಾನುವಾರ. ಅವರೇ ಬಾಯಿಬಿಟ್ಟು ಒಪ್ಪಿಗೆ ಕೊಟ್ರೆ ಬೇರೆ ಮಾತು."

ಶಶಿ ಎದ್ದು ವಿಷಯ ಹೇಳಿದಳು. ಕೆರೆಯೇರಿ ಆಚೆಯ ಸ್ಮಶಾನಕ್ಕೇ ಒಯ್ಯಬೇಕು ಎಂದಳು. ಹೆಂಗಸರ ಗುಂಪು ಗುಜುಗುಟ್ಟಿತು. ಆಸ್ತಿಯಾಸೆಗೆ ಹೆತ್ತವಳನ್ನೇ ಹೊರಗೆ ಹಾಕಿದಳು ಎಂದು ಪಕ್ಕದ ಮನೆಯ ಬಸಮ್ಮ ಅಂದದ್ದು ಶಶಿಗೆ ಕೇಳಲೆಂದೇ ಅಂದಂತಿತ್ತು.

ಬೋರಯ್ಯ ಗುದ್ದಲಿ ಕೆಳಗೆ ಬಿಟ್ಟ. "ಬದುಕಿರೋಗಂಟ ಕೋರ್ಟಿಗೆ ಅಲೆಸಿದ್ದು ಸಾಲ್ದಾ? ಹೆಣಾನೂ ಅಲೆಸ್ತೀಯೇನವ್ವ?"

ಅಷ್ಟರಲ್ಲಿ ರಸ್ತೆಯಿಂದ ತಿಮ್ಮೇಶ ಕೂಗಿದ. "ಯಾಕಕ್ಕ ನಿಂತೋಯ್ತು? ನಾನೇನಾದ್ರೂ ಬ್ಯಾಡ ಅಂದ್ನಾ?"

"ಹಂಗಾರೆ ಒಳಕ್ಕೆ ಬಾರೋ ತಿಮ್ಮೇಶ. ನೀನೂ ಒಂದು ಗುದ್ದಲಿ ಹಾಕು. ನಂದು ಒಪ್ಪಿಗೆ ಐತೆ ಅಂತ ಆ ಫೋನಿಗೇ ಒಂದು ಮಾತು ಹೇಳು."

ಎಲ್ಲರೂ ರಸ್ತೆಯತ್ತ ತಿರುಗಿದರು. ತಿಮ್ಮೇಶ ಫೋನನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ನಂಗೆ ಸೊಂಟ ಹಿಡ್ಕಂಡೈತೆ ಕಣಕ್ಕ."

"ಬಾಯಿಗೇನಾಗೈತೆ?"

ತಿಮ್ಮೇಶನ ಫೋನು ಕೆಳಗಿಳಿಯಲಿಲ್ಲ. ಬೋರಯ್ಯ ಅವನನ್ನೇ ದಿಟ್ಟಿಸಿದ. ಆಮೇಲೆ ತಾನೇ ಅಗೆದು ಗುಡ್ಡೆ ಹಾಕಿದ್ದ ಮಣ್ಣನ್ನು ಕಾಲಿಂದ ಗುಣಿಗೆ ತಳ್ಳತೊಡಗಿದ. ಶಶಿ ಮಂಡಿಯೂರಿ ಎರಡೂ ಕೈಯಿಂದ ಬಾಚಿದಳು. ಅವ್ವನಿಗೆ ಹಾಕಬೇಕಿದ್ದ ಮಣ್ಣು ಖಾಲಿ ಗುಣಿಗೆ ಬೀಳುತ್ತಿತ್ತು. ಅವಳ ಕೈ ನಿಲ್ಲಲಿಲ್ಲ. ನೆಲ ಸಮವಾದ ಮೇಲೆ ಬಸಮ್ಮ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

ಚಟ್ಟ ಎದ್ದಿತು. ಬೋರಯ್ಯ ಮುಂದಿನ ಹೆಗಲು ಕೊಟ್ಟ. ಹೆಂಗಸರು ಅಂಗಳದಲ್ಲೇ ನಿಂತರು, ಶಶಿ ನಿಲ್ಲಲಿಲ್ಲ. ಗಂಡುಮಗನ ಜಾಗ ತನ್ನದೆಂದು ತಿಮ್ಮೇಶ ಬೆಂಕಿ ಮಡಕೆಗೆ ಕೈ ಚಾಚುವ ಮೊದಲೇ ಅವಳು ಅದನ್ನು ಹಿಡಿದು ಮುಂದೆ ನಡೆದಿದ್ದಳು. ಅವನು ಹಿಂದೆ ಬಂದ.

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ತಲೆ ಇದ್ದ ಕಡೆಗೆ ಕಾಲು ತಿರುಗಿಸಿ ಮತ್ತೆ ಎತ್ತುವುದು ರೂಢಿ. ಆ ಜಾಗ ಇನ್ನೂ ದೂರವಿತ್ತು. ತೋಟದ ಬೇಲಿ ಮುಗಿಯುವ ಮೂಲೆಗೆ ಬರುತ್ತಲೇ ಬೋರಯ್ಯ ನಿಂತ.

"ಇಲ್ಲೇ ಇಳಿಸ್ರಪ್ಪ."

ಇಲ್ಲಿ ಯಾಕೆಂದು ಯಾರೂ ಕೇಳಲಿಲ್ಲ. ಇಳಿಸಿದರು, ತಿರುಗಿಸಿದರು. ಹುಲ್ಲಿನ ದಿಂಬಿನ ಮೇಲಿದ್ದ ಅವ್ವನ ಮುಖ ಈಗ ಬಂದ ದಾರಿಯತ್ತ, ತೆಂಗಿನ ಸಾಲುಗಳತ್ತ ಇತ್ತು. ಬೋರಯ್ಯ ಮಡಿಲಿನ ಪುರಿ ತೆಗೆದು ಮೇಲಕ್ಕೆ ಎರಚಿದ. ಎತ್ತಿ ಎನ್ನಬೇಕಾದವನು ಅವನೇ. ಅನ್ನಲಿಲ್ಲ.

ಗಾಳಿ ಬೀಸಿತು. ಪುರಿಯ ನಾಲ್ಕಾರು ಕಾಳು ತಂತಿ ದಾಟಿ ತೋಟದೊಳಗೆ ಉದುರಿದವು. ತಿಮ್ಮೇಶನ ಫೋನು ಅತ್ತಲೂ ತಿರುಗಿತು.