ನಿಘಂಟಿನೊಳಗಿನ ಚೀಟಿ

ಮರುಬೈಂಡಿಂಗಿಗೆ ಬಂದಿದ್ದ ಹಳೆಯ ನಿಘಂಟಿನ ಬೆನ್ನಿನ ಅಂಟು ಕೆರೆದು, ದಾರ ಬಿಚ್ಚಿ, ಹಾಳೆ ಬಿಡಿಸುತ್ತಿದ್ದ ಅವಳ ಕೈ ತಟ್ಟನೆ ನಿಂತಿತು. ಎರಡು ಹಾಳೆಗಳ ಸಂದಿಯಲ್ಲೊಂದು ಹಳದಿಗಟ್ಟಿದ ಚೀಟಿ, ಅಂಚಿನಲ್ಲಿ ಸೂಜಿ ಹಾದ ತೂತುಗಳು. ಅಕ್ಷರ ತನ್ನದೇ. 'ಮೈದಾನ ಖಾಲಿ. ಓವರ್‌ಟೈಮ್ ಬೇಡ.'

"ಏನಕ್ಕಾ ಅದು?" ಎದುರಿಗೆ ಹೊಲಿಯುತ್ತಿದ್ದ ಹುಡುಗಿ ಕತ್ತು ಚಾಚಿದಳು.

"ನಿಂಗ್ಯಾಕೆ? ದಾರ ನೋಡು," ಎಂದವಳೇ ಚೀಟಿಯನ್ನು ಊಟದ ಚೀಲಕ್ಕೆ ಸೇರಿಸಿದಳು. ಐವತ್ತೆಂಟರ ಮುಖ ಕೆಂಪಾಗಿತ್ತು.

ಮೂವತ್ತೈದು ವರ್ಷಗಳ ಹಿಂದೆ ಈ ಬೈಂಡಿಂಗ್ ಅಂಗಡಿಯ ಇದೇ ಮೇಜಿನ ಸುತ್ತ ಆರು ಹೆಂಗಸರು ಹಾಳೆ ಮಡಿಚುತ್ತಿದ್ದರು. ಬಾಯಿಗೆ ಬೀಗವಿಲ್ಲದ ಗುಂಪು. ಮಾಲೀಕರ ಕಿವಿ ಚುರುಕಾದ್ದರಿಂದ ರಾತ್ರಿಯ ಆ ಒಂದು ವಿಷಯಕ್ಕೆ ಮಾತ್ರ ಕ್ರಿಕೆಟ್ ಭಾಷೆ. ಬೆಳಿಗ್ಗೆ ಯಾರಾದರೂ ಆಕಳಿಸಿದರೆ "ಏನೇ, ನಿನ್ನೆ ಭರ್ಜರಿ ಇನಿಂಗ್ಸಾ?" ಗಂಡ ಮುನಿಸಿಕೊಂಡಿದ್ದರೆ "ಮಳೆ ಕಣ್ರೇ, ಆಟ ನಿಂತಿದೆ." ಪಾಪ, ಮಾಲೀಕರು ಇವರಿಗೆಲ್ಲ ಆಟದ ಹುಚ್ಚು ಎಂದುಕೊಂಡು ಸ್ಕೋರ್ ಕೇಳುತ್ತಿದ್ದರು. ಹೆಂಗಸರು ನಕ್ಕು ನಕ್ಕು ಹಾಳೆ ಸೊಟ್ಟ ಮಡಿಚುತ್ತಿದ್ದರು. ಎಂಥ ದಿನಗಳವು!

ಅವಳಿಗೆ ಆಗಷ್ಟೇ ಮದುವೆ. ಗಂಡ ಅದೇ ಅಂಗಡಿಯಲ್ಲಿ ಕಟಿಂಗ್ ಮೆಷಿನ್ನಿನವನು. ಮನೆಯಲ್ಲಿ ಒಂದೇ ಕೋಣೆ, ಅದರಲ್ಲಿ ಅತ್ತೆ. ಅತ್ತೆ ಮಗಳ ಮನೆಗೆ ಹೊರಟ ದಿನ ಅವಳು ಮಡಿಚಿದ ಕಟ್ಟಿನ ಮೇಲೊಂದು ಚೀಟಿ ಇಡುವಳು. ಹೊಲಿಗೆ ಮುಗಿದು ಕಟ್ಟು ಮೆಷಿನ್ನಿಗೆ ಹೋದಾಗ ಅವನು ಓದಿಕೊಳ್ಳುವನು. ಒಮ್ಮೆ ಮಾತ್ರ ಅವನು ಬೇಗ ಬರಲಿಲ್ಲ. ಅವನು ಓವರ್‌ಟೈಮ್ ಮುಗಿಸಿ ಬರುವಷ್ಟರಲ್ಲಿ ಅತ್ತೆ ವಾಪಸ್. ಅವಳು ಎರಡು ದಿನ ಮಾತು ಬಿಟ್ಟಳು, ಕಾರಣವನ್ನೂ ಹೇಳಲಿಲ್ಲ. ಈಗ ನೋಡಿದರೆ, ಆತುರದಲ್ಲಿ ಚೀಟಿಯನ್ನು ಹಾಳೆಯೊಳಗಿಟ್ಟು ಮಡಿಚಿದ್ದು ತಾನೇ!

ಈಗ ಎರಡು ಕೋಣೆಯ ಮನೆ. ಅತ್ತೆ ಇಲ್ಲ, ಮಕ್ಕಳು ಅವರವರ ಮನೆಯಲ್ಲಿ. ಆದರೆ ಎದೆಯ ಆಪರೇಷನ್ ಆದ ಮೇಲೆ ಎಂಟು ತಿಂಗಳಿಂದ ಅವನು ಮುಂದಿನ ಕೋಣೆಯಲ್ಲೇ ಮಲಗುತ್ತಿದ್ದ. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರೂ ತನ್ನನ್ನು ತಾನೇ ಗಾಜಿನ ಲೋಟದಂತೆ ಜೋಪಾನ ಮಾಡುತ್ತಿದ್ದ. ಪಕ್ಕದಲ್ಲಿ ಅವನ ಉಸಿರು ಕೇಳದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಾಯಿಬಿಟ್ಟು ಕರೆಯಲು ನಾಚಿಕೆ.

ಸಂಜೆ ಬಂದವಳೇ ಚೀಟಿಯನ್ನು ಅವನ ಮಾತ್ರೆ ಡಬ್ಬಿಯ ಪಕ್ಕ ಇಟ್ಟಳು. ಅವನು ಕನ್ನಡಕ ಏರಿಸಿ ಓದಿದ.

"ಯಾವಾಗಿಂದೇ ಇದು?"

"ನಿಘಂಟಿನೊಳಗೆ ಸೇರಿ ಹೊಲಿಗೆ ಬಿದ್ದಿತ್ತು. ನಿಮ್ಮ ಕೈಗೆ ಬಂದೇ ಇರ್ಲಿಲ್ಲ."

"ಓಹೋ! ಆ ಎರಡು ದಿನದ ಮೌನ ಇದಕ್ಕಾ? ನಾನು ತಲೆ ಕೆಟ್ಟು ಒಂದು ರೀಮು ಹಾಳೆ ಸೊಟ್ಟ ಕತ್ತರಿಸಿ ಬೈಸ್ಕೊಂಡಿದ್ದೆ!" ಅವನು ಮನಸಾರೆ ನಕ್ಕ. ಆಮೇಲೆ ಕೈ ಎದೆಯ ಮೇಲಿನ ಗಾಯದ ಗೆರೆಗೆ ಹೋಯಿತು. "ಈಗ ನಾನು ರಿಟೈರ್ಡ್ ಹರ್ಟ್ ಕಣೇ. ಭಯ ಆಗತ್ತೆ."

"ರನ್ ಯಾರು ಕೇಳಿದ್ರು? ಆ ತುದೀಲಿ ಸುಮ್ನೆ ನಿಂತ್ಕೊಂಡ್ರೂ ಸಾಕು. ಒಬ್ಬಳೇ ಕ್ರೀಸಲ್ಲಿ ಇರಕ್ಕಾಗ್ತಿಲ್ಲ ರೀ ನಂಗೆ."

ಅವಳು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು. ಮುಂದಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ತಿರುಗಿ ನೋಡಿದರೆ, ಒಂದು ಕೈಯಲ್ಲಿ ಮಾತ್ರೆ ಡಬ್ಬಿ, ಕಂಕುಳಲ್ಲಿ ದಿಂಬು ಹಿಡಿದು ಅವನು ಒಳಕೋಣೆಯ ಕಡೆಗೆ ನಿಧಾನವಾಗಿ ನಡೆಯುತ್ತಿದ್ದ.